ತಿದ್ದದೆ ಬಿಟ್ಟ ಒಂದು ಅಕ್ಷರ

ಪ್ರೀತಿಯ ಪಪ್ಪ,

ನಿನ್ನೆ ಶುಕ್ರವಾರ, ದೋಹಾದಲ್ಲಿ, ಹಾಲ್ ತುಂಬ ಕೂತಿದ್ದ ನಮ್ಮೂರಿನವರ ಎದುರು ನಿಮ್ಮ ಗೆಳೆಯ ಸದಾನಂದನ ಮುಖ ಸಪ್ಪೆಯಾದದ್ದನ್ನು ಕಣ್ಣಾರೆ ಕಂಡೆ. ಕಂಡೆ ಎಂದರೆ ಸಾಲದು, ಸಪ್ಪೆ ಮಾಡಿದ್ದೇ ನಾನು. ಎದುರಿಗೆ ಸಿಕ್ಕಾಗ ಅಂಕಲ್ ಎನ್ನುತ್ತೇನೆ, ಈ ಕಾಗದದಲ್ಲಿ ಅವನಿಗೆ ಏಕವಚನ ಸಾಕು. ನೀವಿದ್ದರೆ "ಬೇಡ ಮಗಾ, ಬಿಟ್ಬಿಡು" ಎನ್ನುತ್ತಿದ್ದಿರಿ. ಅದಕ್ಕೇ ಎಲ್ಲ ಮುಗಿಸಿದ ಮೇಲೆ ಬರೆಯುತ್ತಿದ್ದೇನೆ. ದುಖಾನ್‌ನ ಆಯಿಲ್ ಕಂಪನಿಯ ನಮ್ಮ ಕ್ವಾರ್ಟರ್ಸಿನ ಊಟದ ಮೇಜಿನ ಮೇಲೆ ಈಗ ನಿಮ್ಮ ಹಾಡಿನ ಪುಸ್ತಕ ಇದೆ. ಹೌದು, ಅದೇ.

ಭಾನುವಾರ ಊಟವಾದ ಮೇಲೆ ನೀವು ಆ ಪುಸ್ತಕ ತೆಗೆದು ಅದರ ಕತೆ ಹೇಳುತ್ತಿದ್ದದ್ದು ನೆನಪಿದೆಯೇ? ಜರ್ಮನಿಯಿಂದ ಹಡಗಿನಲ್ಲಿ ಬಂದು, ಮಂಗಳೂರಿನಲ್ಲೇ ನೆಲೆಸಿ, ಅಲ್ಲೇ ಮಣ್ಣಾದ ಪಾದ್ರಿ ದೊರೆ ತನ್ನ ದೇಶದ ರಾಗಗಳಿಗೆ ಕನ್ನಡದಲ್ಲಿ ಹಾಡು ಕಟ್ಟಿ, ಸ್ವಂತ ಕೈಯಲ್ಲಿ ಬರೆದ ಪುಸ್ತಕ. ನಮ್ಮ ಮುತ್ತಜ್ಜ ಯಾಕೋಬ ಆ ದೊರೆಯ ಅಡುಗೆಯವರು. ದೊರೆಗೆ ಎಲ್ಲ ಬರುತ್ತಿತ್ತು, ಳ ಒಂದು ಬರುತ್ತಿರಲಿಲ್ಲ. 'ಬಾಳು' ಎಂಬಲ್ಲೆಲ್ಲ 'ಬಾಲು', 'ಒಳಗೆ' ಎಂಬಲ್ಲೆಲ್ಲ 'ಒಲಗೆ'. ಮುತ್ತಜ್ಜ ಅಡುಗೆಮನೆಯಲ್ಲಿ ಕೂತು ಪೆನ್ಸಿಲಿನಲ್ಲಿ ಎಲ್ಲವನ್ನೂ ತಿದ್ದಿದರು. ಒಂದೇ ಕಡೆ ಬಿಟ್ಟರು. 'ದೇವಾ, ಬಂದೆನು ನಿನ್ನ ಬಲಿಗೆ.' "ಇದು ಬಳಿ ಆಗ್ಬೇಕು ದೊರೆ" ಎಂದರೆ, ದೊರೆ "ಹೌದು ಯಾಕೋಬ, ಬಲಿ" ಎಂದರಂತೆ. ಮೂರು ಸಲ ಹೇಳಿದರೂ ಅದೇ ಉತ್ತರ. ದೊರೆಯ ಕಿವಿಗೆ ಎರಡೂ ಒಂದೇ. ಮುತ್ತಜ್ಜ ಪೆನ್ಸಿಲು ಕೆಳಗಿಟ್ಟು ಸಾರಿಗೆ ಒಗ್ಗರಣೆ ಹಾಕಲು ಎದ್ದು ಹೋದರಂತೆ. ಇಷ್ಟು ಹೇಳಿ ನೀವು ಎಷ್ಟು ನಗುತ್ತಿದ್ದಿರಿ...

ಆ ಪುಸ್ತಕದ ಹೊಲಿಗೆ ಬಿಟ್ಟಾಗ ಅದನ್ನು ಪ್ರೆಸ್ಸಿಗೆ ಒಯ್ದು ನೀವೇ ಹೊಸದಾಗಿ ಬೈಂಡ್ ಮಾಡಿದ್ದಿರಿ. ಆ ಜರ್ಮನರೇ ಕಟ್ಟಿದ ಪ್ರೆಸ್ಸಿನಲ್ಲಿ ನಿಮ್ಮ ಜೀವಮಾನವೆಲ್ಲ ಅದೇ ಕೆಲಸ ತಾನೇ? ಬೈಂಡ್ ಮಾಡುವಾಗ ಪುಸ್ತಕದ ಬೆನ್ನಿಗೆ ಒಳಗಿನಿಂದ ಹಾಳಾದ ಪ್ರೂಫ್ ಕಾಗದದ ಪಟ್ಟಿ ಅಂಟಿಸುವುದು ನಿಮ್ಮ ಕ್ರಮ. ಈ ಪುಸ್ತಕದ ಬೆನ್ನಿನೊಳಗೆ ಯಾವ ಪಟ್ಟಿ ಇದೆ ಎಂದು ನನಗೊಬ್ಬಳಿಗೇ ಹೇಳಿದ್ದಿರಿ.

ಸದಾನಂದ ನಮ್ಮ ಜಗಲಿಯಲ್ಲಿ ಕೂತು ಚಹಾ ಕುಡಿದು, "ರಾಗ ಬರ್ಕೊಂಡು ವಾರದಲ್ಲಿ ಕೊಡ್ತೇನೆ" ಎಂದು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೋದ. ವಾರ ಹೋಗಿ ವರ್ಷವಾಯಿತು. ಕೊನೆಗೆ ನೀವು ಚರ್ಚಿನ ಅಂಗಳದಲ್ಲಿ ಎಲ್ಲರೆದುರು ಕೇಳಿದಾಗ ಅವನು ನಿಮ್ಮ ಹೆಗಲ ಮೇಲೆ ಕೈ ಹಾಕಿ ಹೇಳಿದ ಮಾತು ನನಗೆ ಅಕ್ಷರ ಬಿಡದೆ ಗೊತ್ತು. "ನಾನು ಆಗಲೇ ವಾಪಸ್ ಕೊಟ್ಟಾಗಿದೆ ಮಾರಾಯ್ರೆ. ನಿಮಗೆ ಮರೆವು. ಪ್ರಾಯ ಆಯ್ತಲ್ಲ."

ಅಂದಿನಿಂದ ನೀವು ಹುಡುಕಿದ್ದೇ ಹುಡುಕಿದ್ದು. ಟ್ರಂಕು, ಅಟ್ಟ, ಅಕ್ಕಿಯ ಡಬ್ಬ ಕೂಡ. ಮರೆತು ಎಲ್ಲೋ ಇಟ್ಟು ಮನೆತನದ ಪುಸ್ತಕ ಕಳೆದಿರಿ ಎಂದು ಚಿಕ್ಕಪ್ಪ ನಿಮ್ಮೊಂದಿಗೆ ಮಾತು ಬಿಟ್ಟರು. ಗ್ಯಾಸ್ ಆರಿಸಿದ್ದೇನೆಯೇ ಎಂದು ನೀವು ಮೂರು ಮೂರು ಸಲ ಎದ್ದು ನೋಡತೊಡಗಿದಿರಿ. ನಿಮ್ಮ ಕೈಯನ್ನೇ ನೀವು ನಂಬದಂತೆ ಮಾಡಿಬಿಟ್ಟನಲ್ಲ ಅವನು... ಮತ್ತೆ ನಾನು? ನಾನೇನು ಮಾಡಿದೆ? ಇಲ್ಲಿಂದ ಫೋನಿನಲ್ಲಿ, ಆಫೀಸಿನ ಅವಸರದಲ್ಲಿ, "ಪಪ್ಪ, ನಿಮಗೇ ಮರ್ತಿರ್ಬೇಕು" ಎಂದೆ. ಆ ಕಡೆಯಿಂದ ನೀವು "ಹೌದಾಗಿರ್ಬೇಕು ಮಗಾ" ಎಂದಿರಿ. ಆಸ್ಪತ್ರೆಯ ಹಾಸಿಗೆಯಿಂದ ನೀವು ಕೇಳಿದ ಕೊನೆಯ ಪ್ರಶ್ನೆಯೂ ಪುಸ್ತಕ ಸಿಕ್ಕಿತೇ ಎಂದು.

ಮೂರು ತಿಂಗಳ ಹಿಂದೆ ಸದಾನಂದನ ಫೋನು ಬಂದಾಗ ನಾನು ಸಾಂಬಾರಿಗೆ ಹುಣಸೆ ಕಿವುಚುತ್ತಿದ್ದೆ. ಅವನೀಗ ಇಲ್ಲೇ ದೋಹಾದ ಹತ್ತಿರ ಅಲ್ ಗರಾಫಾದಲ್ಲಿ ಮಗನ ಫ್ಲಾಟಿನಲ್ಲಿದ್ದಾನೆ, ನಮ್ಮ ಹಾಡಿನ ತಂಡಕ್ಕೆ ಅವನೇ ಗುರು. ನಮ್ಮೂರಲ್ಲಿ ನೆಲೆಸಿದ ಜರ್ಮನರನ್ನು ನೆನೆಯಲು ಇಲ್ಲಿ ಒಂದು ಸಂಜೆ ಮಾಡುವುದೆಂದು ನಮ್ಮೂರಿನವರ ಕೂಟದಲ್ಲಿ ತೀರ್ಮಾನವಾಗಿತ್ತು. ಅವರು ನಮ್ಮೂರಿಗೆ ತಂದ ಹೆಂಚು, ಖಾಕಿ ಬಟ್ಟೆ, ಅಚ್ಚಿನ ಮೊಳೆ, ಎಲ್ಲ ಜೋಡಿಸಿ ಇಡುವುದು, ದೊರೆಯ ಹಾಡು ಹಾಡುವುದು. "ನೀನು ಆಯಿಲ್ ಕಂಪನಿಯಲ್ಲಿ ಡಾಕ್ಯುಮೆಂಟ್ ಸೆಕ್ಷನ್ ಅಲ್ವಾ? ಹಾಡುಗಳನ್ನು ಟೈಪ್ ಮಾಡಿ ಕೊಡು ಮಗಳೇ" ಎಂದ. ಯಾವ ಹಾಡುಗಳು ಅಂಕಲ್ ಎಂದು ಕೇಳಿದೆ. "ದೊರೆ ಎರಡು ಪುಸ್ತಕ ಬರ್ದಿದ್ರು. ಒಂದು ನಿಮ್ಮ ಮನೆಗೆ, ಒಂದು ನಮ್ಮ ಅಜ್ಜನಿಗೆ. ನಿಮ್ಮದು ಪಾಪ, ಕಳೆದುಹೋಯ್ತು." ಆ 'ಪಾಪ' ಎಂಬ ಮಾತಿಗೆ ನನ್ನ ಮೈ ಉರಿದುಹೋಯಿತು. ಆದರೂ ಆಗಲಿ ಅಂಕಲ್ ಎಂದೆ.

ಅವನು ತನ್ನ ಕೈಯಲ್ಲಿ ನಕಲು ಮಾಡಿ ಕಳಿಸಿದ ಪ್ರತಿಯನ್ನು ಟೈಪ್ ಮಾಡುತ್ತ ಐದನೆಯ ಹಾಡಿಗೆ ಬಂದಾಗ ಬೆರಳು ನಿಂತಿತು. ಬಾಕಿ ಕಡೆಯೆಲ್ಲ ಳ ಸರಿಯಿದೆ. ಒಂದು ಕಡೆ ಮಾತ್ರ, 'ಬಂದೆನು ನಿನ್ನ ಬಲಿಗೆ.' ಪಪ್ಪ, ನನ್ನ ನೌಕರಿಯೇ ಇದು. ಒಂದೇ ಕಾಗದದ ಎರಡು ಪ್ರತಿ ಬಂದರೆ ಯಾವುದು ಎಲ್ಲಿಂದ ಬಂತು ಎಂದು ಪತ್ತೆ ಮಾಡುವುದಕ್ಕೇ ನನಗೆ ಸಂಬಳ. ದೊರೆ ಎರಡು ಪುಸ್ತಕ ಬರೆದಿರಬಹುದು. ಸದಾನಂದನ ಅಜ್ಜನ ಪುಸ್ತಕವನ್ನೂ ನಮ್ಮ ಮುತ್ತಜ್ಜನೇ ಕೂತು ತಿದ್ದಿದರೇ? ಅಲ್ಲಿಯೂ ಅದೊಂದೇ ಅಕ್ಷರ ಬಿಟ್ಟು ಒಗ್ಗರಣೆಗೆ ಎದ್ದರೇ? ಆಮೇಲೂ ಅವನಿಗೆ ಒಂದು ಅವಕಾಶ ಕೊಟ್ಟೆ. ಫೋನ್ ಮಾಡಿ, ಇದು ಬಳಿ ಆಗಬೇಕಲ್ಲವೇ ಅಂಕಲ್ ಎಂದೆ. "ಅದು ಹಾಗೇ ಇರ್ಲಿ. ಅದರಲ್ಲಿ ದೊಡ್ಡ ಅರ್ಥ ಉಂಟು. ನಮ್ಮ ಅಜ್ಜ ಹೇಳ್ತಿದ್ರು" ಎಂದ. ಬರುವಾಗ ಮೂಲ ಪುಸ್ತಕವನ್ನೂ ತನ್ನಿ ಅಂಕಲ್, ಎಲ್ಲರೂ ನೋಡಲಿ ಎಂದೆ. ಅವನಿಗೆ ಎಷ್ಟು ಖುಷಿ ಗೊತ್ತೇ?

ನಿನ್ನೆ ದುಖಾನ್‌ನಿಂದ ಕಾರು ಓಡಿಸಿದ ನನ್ನ ಗಂಡ ರಾಜೇಶನಿಗೆ ದಾರಿಯಲ್ಲಿ ವಿಷಯ ಹೇಳಿದೆ. "ಬೇಡ ಸುಗುಣಾ. ಪುಸ್ತಕ ಮೆಲ್ಲ ಕೇಳಿ ತೆಗೊ, ಖಲಾಸ್. ನಾಳೆಯೂ ಅದೇ ಜನರ ಮುಖ ನೋಡ್ಲಿಕ್ಕುಂಟು" ಎಂದ. ಮೆಲ್ಲ ಕೇಳಿದವರು ನೀವು, ಪಪ್ಪ. ಮೆಲ್ಲ ಕೇಳಿದ್ದಕ್ಕೆ ನಿಮಗೆ ಸಿಕ್ಕಿದ್ದೇನು?

ವೇದಿಕೆಯ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ನಿಮ್ಮ ಪುಸ್ತಕ ಕೆಂಪು ಮಖಮಲ್ಲಿನ ಅಂಗಿ ತೊಟ್ಟು ಕೂತಿತ್ತು. ರಟ್ಟು ಕಾಣದ ಹಾಗೆ ಹೊಸ ಬಟ್ಟೆ ಅಂಟಿಸಿದ್ದ. ನಾನು ಟೈಪ್ ಮಾಡಿದ ಹಾಡಿನ ಪುಸ್ತಿಕೆಯ ಬಗ್ಗೆ ಎರಡು ಮಾತಾಡಲು ನನ್ನನ್ನು ಕರೆದರು. ಅತಿಥಿಯಾಗಿ ಬಂದಿದ್ದ ಜರ್ಮನ್ ಇಂಜಿನಿಯರ್ ರಾಜೇಶನ ಜೊತೆ ಕೆಲಸ ಮಾಡುವವರು, ಸಾಧು ಮನುಷ್ಯ. ಅವರ ಮುಂದೆ ಮೈಕ್ ಹಿಡಿದು, ಬಳಿ ಎನ್ನಿ ಸಾರ್ ಎಂದೆ. "ಬಲಿ" ಎಂದರು. ಅಲ್ಲ ಸಾರ್, ಬಳಿ. "ಯೆಸ್, ಬಲಿ." ಸಭೆ ನಕ್ಕಿತು, ಸದಾನಂದನೂ ನಕ್ಕ. ಮುತ್ತಜ್ಜನ ಕತೆ ಹೇಳಿದೆ. ಎಲ್ಲರೂ ಮತ್ತೂ ನಕ್ಕರು. ಅವನೊಬ್ಬ ನಗು ನಿಲ್ಲಿಸಿದ.

ಉದ್ಘಾಟನೆಯ ರಿಬ್ಬನ್ ಕತ್ತರಿಸಿದ ಕತ್ತರಿ ತಟ್ಟೆಯಲ್ಲೇ ಇತ್ತು. ಗಾಜು ಸರಿಸಿ, ಪುಸ್ತಕ ಎತ್ತಿ, ಬೆನ್ನಿನ ಮಖಮಲ್ಲಿಗೆ ಕತ್ತರಿ ಇಟ್ಟೆ. "ಏಯ್, ಎಂಥ ಮಾಡ್ತಿ ನೀನು? ಹೆರಿಟೇಜ್ ಅದು, ಮುಟ್ಬೇಡ" ಎಂದು ಅವನು ಎದ್ದು ಬಂದ. ಅಷ್ಟರಲ್ಲಿ ಬೆನ್ನು ಬಿಚ್ಚಿತ್ತು. ಒಳಗೆ ಹಳದಿಯಾದ ಪಟ್ಟಿ ನೀವು ಅಂಟಿಸಿದ ಹಾಗೆಯೇ ಇತ್ತು. ಮೈಕಿನಲ್ಲಿ ಓದಿದೆ. 'ನಮ್ಮ ಮಗಳು ಸುಗುಣಲ ದೀಕ್ಷಾಸ್ನಾನಕ್ಕೆ.' ನಿಮ್ಮ ಪ್ರೆಸ್ಸಿನವರು ಳ ಬದಲು ಲ ಜೋಡಿಸಿ ಹಾಳು ಮಾಡಿದ ನನ್ನ ಆಮಂತ್ರಣದ ಪ್ರೂಫ್. ದೊರೆ ಇನ್ನೂ ಪ್ರೆಸ್ ಬಿಟ್ಟು ಹೋಗಿಲ್ಲ ಎಂದು ನಗುತ್ತ ಅದನ್ನೇ ಕತ್ತರಿಸಿ ಅಂಟಿಸಿದ್ದಿರಲ್ಲ... ಪಟ್ಟಿಯನ್ನು ಮುಂದಿನ ಸಾಲಿನವರ ಕೈಗೆ ಕೊಟ್ಟೆ. ಕೈಯಿಂದ ಕೈಗೆ ಹೋಯಿತು.

ಸದಾನಂದ ನೀರು ಕುಡಿದು, "ವಾಪಸ್ ಕೊಟ್ಟಿದ್ದೇನೆ ಅಂತಲೇ ನನ್ನ ನೆನಪು..." ಎಂದು ಗೊಣಗಿದ. ಈ ಮಾತಿಗೇ ನಾನು ಮೂರು ತಿಂಗಳು ಕಾದಿದ್ದೆ. ಅವನ ಹೆಗಲ ಮೇಲೆ ಕೈ ಹಾಕಿದೆ. ಮೈಕ್ ಆನ್ ಇತ್ತು.

"ನಿಮಗೆ ಮರೆವು ಅಂಕಲ್. ಪ್ರಾಯ ಆಯ್ತಲ್ಲ."

ಮಗ ಬಂದು ಅವನನ್ನು ಕೈ ಹಿಡಿದು ಇಳಿಸಿಕೊಂಡು ಹೋದ. ಮೆಟ್ಟಿಲಲ್ಲಿ ಅವನ ಕಾಲು ತಡವರಿಸಿತು. ನನಗೆ ಅಯ್ಯೋ ಅನಿಸಬೇಕಿತ್ತೇನೋ. ಅನಿಸಲಿಲ್ಲ. ಹಾಡು ಅವನಿಲ್ಲದೆಯೇ ನಡೆಯಿತು, ನಾನು ಗಂಟಲು ಬಿಟ್ಟು ಹಾಡಿದೆ. ಬಲಿಗೆ ಎಂದೇ ಹಾಡಿದೆ.

ಈಗ ಪುಸ್ತಕದ ಐದನೆಯ ಹಾಡು ತೆರೆದಿಟ್ಟು ಪೆನ್ಸಿಲು ಹಿಡಿದಿದ್ದೇನೆ. ತಿದ್ದುವುದಿಲ್ಲ. ಟೈಪ್ ಮಾಡಿಕೊಡು ಎಂದು ತಾನಾಗಿ ನನ್ನ ಬಳಿಗೆ ಬಂದವನು ಬಂದದ್ದು ಎಲ್ಲಿಗೆಂದು ದೊರೆ ಸರಿಯಾಗಿಯೇ ಬರೆದಿದ್ದಾರೆ.

ಪಪ್ಪ, ನಿಮಗೆ ಮರೆವು ಇರಲಿಲ್ಲ. ಕಡೆಯ ದಿನದವರೆಗೂ ನಿಮ್ಮ ತಲೆ ಸರಿಯಿತ್ತು. ಕ್ರಿಸ್‌ಮಸ್ಸಿಗೆ ಊರಿಗೆ ಬರುತ್ತೇನೆ. ಮೊದಲು ಚಿಕ್ಕಪ್ಪನ ಮನೆಗೆ ಹೋಗಿ, ಅವರಿಗೆ ಕನ್ನಡಕ ಹಾಕಿಸಿ, ಈ ಪಟ್ಟಿಯನ್ನು ಅವರ ಬಾಯಿಂದಲೇ ಓದಿಸುತ್ತೇನೆ. ಬಿಡುವುದಿಲ್ಲ. ಅಲ್ಲಿಂದ ನಿಮ್ಮ ಸಮಾಧಿಗೆ ಬಂದು ನಾನೂ ಒಮ್ಮೆ ಗಟ್ಟಿಯಾಗಿ ಓದಬೇಕು. ನಿಮಗೆ ಮರೆವು ಎಂದವರನ್ನೆಲ್ಲ ಬರೆಯುತ್ತ ಹೋದರೆ ಸದಾನಂದ ಆಯಿತು, ಚಿಕ್ಕಪ್ಪ ಆಗುತ್ತಾರೆ. ಆಮೇಲೆ ಉಳಿಯುವುದು ಈ ಪಟ್ಟಿಯಲ್ಲಿರುವ ಹೆಸರೊಂದೇ.

ನಿಮ್ಮ
ಸುಗುಣಾ