ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು

೩ ಫೆಬ್ರುವರಿ ೧೯೯೨, ಸೋಮವಾರ. ನಿಪ್ಪಾಣಿ

ಎಂಟಕ್ಕೆ ಮತ್ತೆ ಅದೇ ಓಣಿ. ಕಣ್ಣಿಲ್ಲದ ನೂರಜಾನಬಿಯ ಎದೆಗೆ ಪೆಟ್ಟಿಗೆ ಕಟ್ಟಿದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ. ಪೆಟ್ಟಿಗೆ ಸದ್ದು ಬಿಡುತ್ತದೆ. ಬಡಿದು ತಿರುಗಿ ಬಂದ ಸದ್ದಿನಿಂದ ಎದುರಿಗಿರುವುದು ಏನೆಂದು ಗುರುತು ಹಿಡಿಯಬೇಕು. ಗೋಡೆಗೆ ಒಂದು ಬೀಪ್, ಮನುಷ್ಯರಿಗೆ, ದನಕರುಗಳಿಗೆ ಎರಡು, ತಗ್ಗಿಗೆ ಉದ್ದನೆಯದು. ಕಣ್ಣಿಲ್ಲದವರಿಗಾಗಿ ಮಾಡಿದ್ದು. ಬುದ್ಧಿವಂತ ಯಂತ್ರ ಅಂತ ಪುಣೆಯಲ್ಲಿರುವ ನಮ್ಮ ಸಾಹೇಬರು, ಆಬಾಸಾಹೇಬರು, ಬೀಗುತ್ತಾರೆ. ಅವರೇನು, ಓಣಿಗೆ ಬರುವವರಲ್ಲ.

ಓಣಿಯಲ್ಲಿ ಇಪ್ಪತ್ತೈದು ಗುರುತು. ಬೀಪ್ ಕೇಳಿ ಅಲ್ಲೇನಿದೆ ಅಂತ ಅವಳು ಹೇಳಬೇಕು, ಸರಿಯಿದ್ದರೆ ನಾನು ಟಿಕ್ ಹಾಕಬೇಕು. ಇವತ್ತು ಬರೀ ಹನ್ನೊಂದು. ಗೋಣಿತಟ್ಟು ಸುತ್ತಿದ ತಂಬಾಕಿನ ಮೂಟೆ ಯಂತ್ರಕ್ಕೆ ಕಾಣಲಿಲ್ಲ. ಕಂಬಳಿ ಹೊದ್ದು ಕೂತ ಕುರುಬ ಮಾಳಸಿದ್ದ ಕಾಣಲಿಲ್ಲ. ಅವನ ಕುರಿಗಳೂ ಕಾಣಲಿಲ್ಲ! ಮೆತ್ತಗಿನದೆಲ್ಲ ಸದ್ದನ್ನು ನುಂಗಿಬಿಡುತ್ತದೆ. ನೂರಜಾನಬಿ ನೆಟ್ಟಗೆ ಹೋಗಿ ಅವನನ್ನು ಎಡವಿದಳು. ಪೆಟ್ಟಿಗೆಯನ್ನಷ್ಟೇ ನಂಬು ಅಂತ ನಾನೇ ಹೇಳಿದ್ದೆ. ಪಾಪ, ನಂಬಿದಳು.

೫ ಫೆಬ್ರುವರಿ, ಬುಧವಾರ

ಆಬಾಸಾಹೇಬರ ಪತ್ರ. ಹದಿನೆಂಟಕ್ಕಿಂತ ಕಡಿಮೆ ಬಂದರೆ ಕೆಲಸ ಬಂದ್. ದಾಟಿದರೆ ಇನ್ನೂರು ಪೆಟ್ಟಿಗೆ ತಯಾರಾಗಿ ಅಂಧರ ಶಾಲೆಗಳಿಗೆ ಹೋಗುತ್ತವೆ. ನನ್ನ ನೌಕರಿ ಪರ್ಮನೆಂಟ್. ಮುಂದಿನ ಪರೀಕ್ಷೆಗಳೂ ಇಲ್ಲೇ.

ಎಲ್ಲವನ್ನೂ ನೂರಜಾನಬಿಗೆ ಹೇಳಿಬಿಟ್ಟೆ. ಹೇಳಬಾರದಿತ್ತು. ಆದರೆ ಮಾತಾಡಲು ಇನ್ನು ಯಾರಿದ್ದಾರೆ? ಕಾಗವಾಡದಲ್ಲಿ ಅಣ್ಣ ನೇಮಿನಾಥ ಇದ್ದಾನೆ. ಎರಡು ತಾಸಿನ ದಾರಿ. ನಾನು ಹೋಗಿಲ್ಲ, ಅವನು ಕರೆದೂ ಇಲ್ಲ. ಮೂವತ್ತಮೂರಾಯಿತು, ಮದುವೆಯಿಲ್ಲ, ಒಬ್ಬಳೇ ಊರೂರು ಅಲೆಯುವ ತಂಗಿ ಅಂದರೆ ಅತ್ತಿಗೆಗೆ ಮುಜುಗರ. ಭಾನುವಾರ ಪೂರ್ತಿ ಯಾರೊಂದಿಗೂ ಒಂದು ಮಾತಿಲ್ಲ. ಸೋಮವಾರ ಬಾಯಿ ತೆರೆದರೆ ಗಂಟಲು ಕಟ್ಟಿರುತ್ತದೆ.

೭ ಫೆಬ್ರುವರಿ, ಶುಕ್ರವಾರ

ಹತ್ತೊಂಬತ್ತು!! ಒಂದು ಸ್ಕ್ರೂ ಬಿಗಿ ಮಾಡಿದ್ದೆ, ಅಷ್ಟೇ. ಎಲಾ ಇದರ...

೧೪ ಫೆಬ್ರುವರಿ, ಶುಕ್ರವಾರ

ವಾರದಿಂದ ಬರೆದಿಲ್ಲ. ಸಂತೋಷವಾಗಿದ್ದಾಗ ಬರೆಯಲು ಏನೂ ತೋಚುವುದಿಲ್ಲ. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತೆರಡು. ಪುಣೆಗೆ ಕಳಿಸಿದೆ. ಅಭಿನಂದನೆ ಅಂತ ತಾರು ಬಂತು.

ಪರೀಕ್ಷೆ ಮುಗಿದ ಮೇಲೆ ಅವಳ ಮನೆಯ ಕಟ್ಟೆ. ಚಹಾ. ಸೊಸೆ ಶಬಾನಾ ಎಲೆ ಕತ್ತರಿಸಿ ಕೊಡುತ್ತಾಳೆ, ನೂರಜಾನಬಿ ಮಾತಾಡುತ್ತಲೇ ಬೀಡಿ ಕಟ್ಟುತ್ತಾಳೆ. ಕಣ್ಣಿದ್ದವರೂ ಅಷ್ಟು ಚಂದ ಕಟ್ಟಲಾರರು. ಕಣ್ಣು ಹೋಗಿ ಆರು ವರ್ಷವಂತೆ. ಅಂದಿನಿಂದ ಎಲ್ಲಿಗೆ ಹೋದರೂ ಯಾರೋ ಮುಂಗೈ ಹಿಡಿದು ದರದರ ಎಳೆದುಕೊಂಡು ಹೋಗುವುದೇ ಆಗಿದೆಯಂತೆ. ಶಬಾನಾ ತಲೆ ತಗ್ಗಿಸಿದಳು. ನಾನು ಎದ್ದು ಹೊರಟರೆ ಇನ್ನೊಂದು ಕಪ್ಪು ಕುಡೀರಿ ಅಂತಾಳೆ ನೂರಜಾನಬಿ. ಕುಡಿಯುತ್ತೇನೆ.

೧೯ ಫೆಬ್ರುವರಿ, ಬುಧವಾರ. ಬೆಳಿಗ್ಗೆ ಹನ್ನೊಂದು

ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು. ಕುಣಿಯುತ್ತ ನನ್ನ ಕೋಣೆಯ ಮೆಟ್ಟಿಲು ಹತ್ತಿದೆ.

ಮೇಜಿನ ಮೇಲೆ, ಚಾರ್ಜರಿನಲ್ಲಿ, ಬ್ಯಾಟರಿ ಹಾಗೇ ಕೂತಿದೆ. ನಿನ್ನೆ ಹಾಕಿದ್ದು. ತೆಗೆದೇ ಇಲ್ಲ.

ಪೆಟ್ಟಿಗೆ ಬಿಚ್ಚಿದೆ. ಖಾಲಿ.

ಬೆಳಿಗ್ಗೆಯಿಂದ ಒಂದು ಬೀಪೂ ಇಲ್ಲ. ಹಾಗಾದರೆ ಹೇಳಿದ್ದು ಯಾರು? ಇಷ್ಟು ದಿನ ಹೇಳಿದ್ದು ಯಾರು? ಇಯರ್‌ಫೋನ್ ಅವಳ ಕಿವಿಯಲ್ಲಿತ್ತು. ಒಂದು ದಿನವೂ ನನ್ನ ಕಿವಿಗೆ ಹಾಕಿಕೊಂಡು ನೋಡಲಿಲ್ಲ ನಾನು. ಥೂ, ಡಿಪ್ಲೊಮಾ ಬೇರೆ ಮಾಡಿದ್ದೇನೆ!

೨೦ ಫೆಬ್ರುವರಿ, ಗುರುವಾರ

ಕೇಳಿದೆ. ನೂರಜಾನಬಿ ಸುಳ್ಳು ಹೇಳಲಿಲ್ಲ. ಮಾಳಸಿದ್ದನ ಕಂಬಳಿ ಮೂರು ಮನೆ ಆಚೆಯಿಂದ ನಾರುತ್ತದಂತೆ. ಮೂಟೆ ಇದ್ದಲ್ಲಿ ಮೂಗು ಕೆರೆಯುತ್ತದಂತೆ. ಗೋಡೆ ಬಂದರೆ ತನ್ನ ಚಪ್ಪಲಿಯ ಸಪ್ಪಳವೇ ಬೇರೆಯಂತೆ. ಆ ಸೋಮವಾರ ಎಡವಿದ್ದು ನನ್ನ ಮಾತು ಕೇಳಿ.

ನನಗೆ ಸಿಟ್ಟು ತಡೆಯಲಿಲ್ಲ. ಯಾಕೆ ಮೋಸ ಮಾಡಿದೆ ಅಂತ ಜೋರು ಮಾಡಿದೆ. ಬೀಡಿಯ ಮೊರ ಬದಿಗೆ ಸರಿಸಿದಳು.

“ನಪಾಸ ಆದ್ರ ನೀವು ಹೋಗ್ತಿದ್ರಿ ಬಾಯಾರ. ನನಗ ಆ ಪೆಟ್ಟಿಗಿ ಬೇಕಾಗಿದ್ದಿಲ್ರಿ. ಬಾಜೂಕ ಮಾತಾಡ್ಕೋತ ನಡಿಯಾಕ ಒಬ್ರು ಇದ್ರ ಸಾಕಾಗಿತ್ತು.”

ಚಹಾ ಹಾಗೇ ಬಿಟ್ಟು ಬಂದೆ.

೨೨ ಫೆಬ್ರುವರಿ, ಶನಿವಾರ

ಯಾರಿಗೂ ಗೊತ್ತಾಗುವುದಿಲ್ಲ. ಅಂಕಿಗಳ ಹಾಳೆ ನನ್ನ ಕೈಯಲ್ಲೇ ಇದೆ. ಸುಮ್ಮನಿದ್ದರೆ ನೌಕರಿ, ಈ ಓಣಿ, ಈ ಕಟ್ಟೆ ಎಲ್ಲ ಉಳಿಯುತ್ತವೆ. ನನಗೂ ಬೇಕು ಅದೆಲ್ಲ. ಬೇಡ ಅಂದರೆ ಸುಳ್ಳಾದೀತು.

೨೪ ಫೆಬ್ರುವರಿ, ಸೋಮವಾರ

ಬ್ಯಾಟರಿ ಹಾಕಿ ಪೆಟ್ಟಿಗೆ ನಾನೇ ಕಟ್ಟಿಕೊಂಡೆ. ಕಣ್ಣಿಗೆ ಬಟ್ಟೆ. ನೂರಜಾನಬಿ ಹಿಂದೆ. ಅವಳಿಗೆ ಬಾಯಿ ಬಿಡಬೇಡ ಅಂದೆ.

ಒಂಬತ್ತು.

ಹದಿಮೂರನೆಯ ಗುರುತಿನ ಹತ್ತಿರ ಪೆಟ್ಟಿಗೆ ಗಪ್‌ಚಿಪ್. ಕಾಲು ಎತ್ತಿಟ್ಟೆ. ಹಿಂದಿನಿಂದ ಸೆರಗು ಹಿಡಿದು ಎಳೆದಳು. ಬಟ್ಟೆ ಬಿಚ್ಚಿ ನೋಡಿದರೆ ಸೊಂಟದಾಳದ ಗಟಾರ. ಎಲ್ಲಿಯದೋ ಶಾಲೆಯಲ್ಲಿ, ನಿನ್ನೆ ಮೊನ್ನೆ ಕಣ್ಣು ಕಳೆದುಕೊಂಡ ಹುಡುಗಿಯ ಹಿಂದೆ ನೂರಜಾನಬಿ ಇರುವುದಿಲ್ಲ.

ಹಳೆಯ ಅಂಕಿಗಳಿಗೆ ಕಾಟು ಹಾಕಿದೆ. ಒಂಬತ್ತು ಅಂತ ಬರೆದೆ. ಕಾರಣವನ್ನೂ ಬರೆದೆ. ಪುಣೆಗೆ ರಿಜಿಸ್ಟರ್ ಪೋಸ್ಟ್.

೨ ಮಾರ್ಚ್, ಸೋಮವಾರ

ಪುಣೆಯಿಂದ ನಾಲ್ಕೇ ಸಾಲು. ಕೆಲಸ ನಿಲ್ಲಿಸಲಾಗಿದೆ. ಪೆಟ್ಟಿಗೆ ಒಪ್ಪಿಸಬೇಕು. ನನ್ನ ನೇಮಕಾತಿ ಮುಗಿಯಿತು.

ನೂರಜಾನಬಿಗೆ ಹೇಳಿದೆ. ಬುಧವಾರ ನಾಲ್ಕರ ಬಸ್ಸು. ಕಟ್ಟುತ್ತಿದ್ದ ಬೀಡಿ ಸಡಿಲಾಯಿತು. ಬಿಚ್ಚಿ ಮತ್ತೆ ಕಟ್ಟಿದಳು. ಮತ್ತೆ ಸಡಿಲಾಯಿತು. ಶಬಾನಾ ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡಳು.

೪ ಮಾರ್ಚ್, ಬುಧವಾರ. ಮಧ್ಯಾಹ್ನ ಮೂರು

ಟ್ರಂಕು ಕಟ್ಟಿದೆ. ಬಾಗಿಲಲ್ಲಿ ನೂರಜಾನಬಿ. ಒಬ್ಬಳೇ. ಶಬಾನಾ ಇಲ್ಲ, ಕೋಲಿಲ್ಲ. ಐದು ಓಣಿ ದಾಟಿ, ಹದಿನೆಂಟು ಮೆಟ್ಟಿಲು ಹತ್ತಿ ಬಂದಿದ್ದಾಳೆ. ಬೆವರಿದ್ದಾಳೆ. ಬೈದೆ. ನಕ್ಕಳು.

“ಸ್ಟ್ಯಾಂಡ್ ತನಕ ನಾ ಬರ್ತೇನ್ರಿ. ಬಾಜೂಕ ನಡೀರಿ, ಕೈ ಹಿಡೀಬ್ಯಾಡ್ರಿ.”

ಇಷ್ಟು ಬರೆದು ಮುಗಿಸುವವರೆಗೆ ಕೂತಿರು ಅಂದಿದ್ದೇನೆ. ಕೂತಿದ್ದಾಳೆ, ಮುಖ ನನ್ನ ಕಡೆಗೇ. ಹೋಗುವಾಗ ಇಬ್ಬರಿದ್ದೇವೆ, ಮಾತಾಡಿಕೊಂಡು ಹೋಗುತ್ತೇವೆ. ಬಸ್ಸು ಬಿಟ್ಟ ಮೇಲೆ ಅಷ್ಟು ದೂರ ತಿರುಗಿ ಬರುವಾಗ ಇವಳ ಬಾಜೂಕ—