ದೊಡ್ಡಮ್ಮನ ಉಸಿರು

ಸೋಮವಾರ
ಟೈರ್ ಅಂಗಡಿಯ ಹಿಂದಿನ ಅಂಗಳದಿಂದ

ನನ್ನ ಬಂಗಾರಿಗೆ,

ಅಮ್ಮನ ಮುತ್ತುಗಳು. ನಾವಿಬ್ಬರೂ ಚೆನ್ನಾಗಿದ್ದೇವೆ, ದೊಡ್ಡಮ್ಮ ಮಾತ್ರ ಕೈಕೊಟ್ಟಿದ್ದಾಳೆ. ನಗಬೇಡ. ನಿಮ್ಮಪ್ಪ ಆ ಹಳೆಯ ಬಸ್ಸಿನೊಳಗೆ ಮಂಚ, ಒಲೆ, ಕಿಟಕಿಗೆ ಪರದೆ ಎಲ್ಲ ಕೂಡಿಸಿ ಮನೆ ಮಾಡಿದಾಗ ಅದಕ್ಕೆ ದೊಡ್ಡಮ್ಮ ಅಂತ ಹೆಸರಿಟ್ಟವಳು ನೀನೇ. ಹೊರಡಿಸುವುದೂ ಕಷ್ಟ, ಹೊರಟ ಮೇಲೆ ಬಾಯಿ ಮುಚ್ಚಿಸುವುದೂ ಕಷ್ಟ ಎಂದಿದ್ದೆ. ಈಗ ಅವಳಾಗಿಯೇ ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆ.

ಆಗುವುದು ಹೀಗೆ. ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಾಳೆ. ಸ್ವಲ್ಪ ದೂರ ಹೊಸ ಸೊಸೆಯ ಹಾಗೆ ಚುರುಕು. ಆಮೇಲೆ ಏರು ಬಂತೋ, ಎಷ್ಟು ತುಳಿದರೂ ಎಳೆಯುವುದಿಲ್ಲ, ಮುಕ್ಕರಿದು ಮುಕ್ಕರಿದು ನಿಂತೇ ಬಿಡುತ್ತಾಳೆ. ನಾವು ಟೀ ಕಾಸಿಕೊಂಡು ಕುಡಿದು ಲೋಟ ತೊಳೆದಿಡುವಷ್ಟರಲ್ಲಿ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಮತ್ತೆ ಸ್ಟಾರ್ಟ್! ನಿಮ್ಮಪ್ಪ ಡೀಸೆಲ್ ಫಿಲ್ಟರ್ ಬದಲಾಯಿಸಿದರು. ಪೈಪಿನಲ್ಲಿ ಗಾಳಿ ಸೇರಿದೆ ಎಂದು ಕೈಪಂಪು ಒತ್ತಿ ಒತ್ತಿ ಗಾಳಿ ತೆಗೆದರು. ಕೊನೆಗೆ ಪಂಪನ್ನೇ ಬಿಚ್ಚಿ, ನನ್ನ ಒಳ್ಳೆಯ ಟವೆಲ್ಲಿನ ಮೇಲೆ ಹರಡಿಕೊಂಡು ಕೂತರು. ಟೈರ್ ಅಂಗಡಿಯವರು ಪಾಪ, ಮೆಕ್ಯಾನಿಕ್ಕನ್ನು ಕರೆಸ್ಲಾ ಯಜಮಾನ್ರೇ ಅಂತ ಕೇಳಿದ್ದಕ್ಕೆ, ಮತ್ತೆ ನಾನ್ಯಾರು, ಹೂ ಮಾರೋನಾ ಅಂತ ಮುಖ ಊದಿಸಿಕೊಂಡರು.

ಒಂದು ವಿಷಯ ನಿನಗೆ ಮಾತ್ರ ಹೇಳಬೇಕು. ಮೊದಲ ಸಲ ಗಾಡಿ ನಿಂತಾಗ, ಡೀಸೆಲ್ ಇದೆಯೋ ಇಲ್ಲವೋ ನೋಡಲು ಅವರು ಟ್ಯಾಂಕಿನ ಮುಚ್ಚಳ ತೆಗೆದರು. ತೆಗೆದ ಕೂಡಲೇ ಸುಸ್ ಎಂದು ಉದ್ದಕ್ಕೆ ಸದ್ದು ಬಂತು. ನಾಲ್ಕು ಹೆಜ್ಜೆ ಆಚೆ ನಿಂತಿದ್ದ ನನಗೆ ಕೇಳಿಸಿತು. ಮೂಗು ತಾಗುವಷ್ಟು ಹತ್ತಿರ ಬಗ್ಗಿದ್ದ ಅವರಿಗೆ ಕೇಳಿಸಲಿಲ್ಲ. ಆ ಸದ್ದಿಗೂ ಈ ಕಾಟಕ್ಕೂ ಸಂಬಂಧವಿದೆಯಾ? ಅವರನ್ನೇ ಕೇಳಬಹುದಿತ್ತು. ಆದರೆ ಹೇಗೆ ಕೇಳಲಿ? ನಮ್ಮ ಗ್ಯಾರೇಜಿನಲ್ಲಿ, ಗಿರಾಕಿಗಳ ಎದುರಿಗೆ, ಅಪ್ಪಾ ಇಂಜಿನ್ ಬಡೀತಿರೋದು ನಿಮ್ಗೆ ಕೇಳಿಸ್ತಿಲ್ಲ ಅಂತ ನೀನಂದ ದಿನದಿಂದ ನಮ್ಮ ಮನೆಯಲ್ಲಿ 'ಕೇಳಿಸ್ತಾ' ಅನ್ನುವ ಮಾತೇ ಯಾರೂ ಎತ್ತುವ ಹಾಗಿಲ್ಲ. ಜೀವಮಾನವೆಲ್ಲ ಕಿವಿಯಿಂದಲೇ ಇಂಜಿನ್ ರಿಪೇರಿ ಮಾಡಿದ ಮನುಷ್ಯ. ನೀನು ಹೇಳಿದ್ದು ಸುಳ್ಳಲ್ಲ, ಅದಕ್ಕೇ ಅಷ್ಟು ನೋವು. ಗ್ಯಾರೇಜಿಗೆ ಬೀಗ ಹಾಕಿದರು, ನಿನ್ನ ಜೊತೆ ಮಾತು ಬಿಟ್ಟರು, ನಿನ್ನನ್ನು 'ನಟ್ಟು' ಅಂತ ಕರೆಯುವುದನ್ನೂ ಬಿಟ್ಟರು. ನಾವೀಗ ಹೊರಟಿರುವುದು ಸಮುದ್ರ ನೋಡಲು, ಆ ದಾರಿಯಲ್ಲೇ ನಿನ್ನ ಊರಿದೆ. ಸುತ್ತು ಹಾಕಿಕೊಂಡು ಹೋಗೋಣ ಅನ್ನುತ್ತಾರೆ. ನನಗೆ ಸಮುದ್ರ ಬೇಡ ಮಗಳೇ, ನೀನು ಬೇಕು.

ಫೋನಿನಲ್ಲಿ ನಿನ್ನ ದನಿ ಬಂದರೆ ಎದ್ದು ಹೊರಗೆ ಹೋಗುತ್ತಾರೆ. ಕಾಗದವಾದರೆ ಹಾಗಲ್ಲ. ಮೇಜಿನ ಮೇಲೆ ಇಟ್ಟು ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಅದರ ಮಡಿಕೆ ಬದಲಾಗಿರುತ್ತದೆ. ಆದ್ದರಿಂದ ಟೈರ್ ಅಂಗಡಿಯ ವಿಳಾಸಕ್ಕೆ ಕಾಗದವನ್ನೇ ಬರೆ. ಬೇರೆಲ್ಲ ಸುಖ. ಹೊರಡುವ ಮುಂಚೆ ದಿಂಬು ಹೊದಿಕೆಗೆಲ್ಲ ಡೀಸೆಲ್ ವಾಸನೆ ಹೊಡೆಯುತ್ತಿತ್ತಲ್ಲ, ಈಗ ಅದೂ ಇಲ್ಲ.

ನಿನ್ನನ್ನೇ ನೆನೆಯುವ
ಅಮ್ಮ


ಶನಿವಾರ

ಪ್ರೀತಿಯ ಅಮ್ಮ,

ನಿನ್ನ ಕಾಗದ ಊಟದ ಬಿಡುವಿನಲ್ಲಿ ಸಿಕ್ಕಿತು, ಎಣ್ಣೆ ಕೈಯಲ್ಲೇ ಓದಿದೆ. ನೀನು ಹೇಳಿದ್ದೆಲ್ಲ ನೋಡಿದರೆ ದೊಡ್ಡಮ್ಮನಿಗೆ ಉಸಿರು ಕಟ್ಟುತ್ತಿದೆ. ಟ್ಯಾಂಕಿನಿಂದ ಡೀಸೆಲ್ ಇಳಿದ ಹಾಗೆಲ್ಲ ಆ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಅದಕ್ಕೆಂದೇ ಒಂದು ಸಣ್ಣ ಪೈಪಿರುತ್ತದೆ. ಅದು ಮುಚ್ಚಿಕೊಂಡರೆ ಟ್ಯಾಂಕಿನಲ್ಲಿ ಡೀಸೆಲ್ ಇದ್ದರೂ ಇಂಜಿನ್ನಿಗೆ ಬರುವುದಿಲ್ಲ. ಗಾಡಿ ನಿಂತ ಮೇಲೆ ಎಲ್ಲಿಂದಲೋ ಸಂದಿಯಲ್ಲಿ ಗಾಳಿ ನುಸುಳುತ್ತದೆ, ನಿಮ್ಮ ಟೀ ಮುಗಿಯುವಷ್ಟರಲ್ಲಿ ಮತ್ತೆ ಸ್ಟಾರ್ಟ್ ಆಗುತ್ತದೆ. ಫಿಲ್ಟರ್ ಬದಲಾಯಿಸಿದ್ದು, ಗಾಳಿ ತೆಗೆದದ್ದು ಎಲ್ಲ ಸರಿಯೇ. ಅಪ್ಪನ ಜಾಗದಲ್ಲಿದ್ದರೆ ನಾನೂ ಅದನ್ನೇ ಮೊದಲು ಮಾಡುತ್ತಿದ್ದೆ.

ಇನ್ನೊಮ್ಮೆ ನಿಂತಾಗ ಹೀಗೆ ಮಾಡಿ. ಟ್ಯಾಂಕಿನ ಮುಚ್ಚಳದ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲ ಹೊದಿಸಿ, ಚೀಲದ ಬಾಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಚೀಲದ ಮೇಲಿನಿಂದಲೇ ಮುಚ್ಚಳ ಸಡಿಲಿಸಿ. ಚೀಲ ಒಳಕ್ಕೆ ಎಳೆದುಕೊಂಡು ಮೆತ್ತಿಕೊಂಡರೆ ಗಾಳಿಯ ಪೈಪು ಕಟ್ಟಿದೆ ಎಂದೇ ಅರ್ಥ. ನಮ್ಮ ವರ್ಕ್‌ಶಾಪಿನ ಗದ್ದಲದಲ್ಲಿ ಯಾರಿಗೂ ಯಾವ ಸದ್ದೂ ಕೇಳಿಸುವುದಿಲ್ಲ, ನಾವೆಲ್ಲ ಹೀಗೇ ನೋಡುವುದು. ನನಗೆ ನೆನಪಿರುವ ಹಾಗೆ ದೊಡ್ಡಮ್ಮನ ಆ ಪೈಪು ನಿಮ್ಮ ಮಂಚದ ಕೆಳಗೆ, ಬಟ್ಟೆ ಪೆಟ್ಟಿಗೆಯ ಹಿಂದೆ ಕೊನೆಯಾಗುತ್ತದೆ.

ನಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಕಲ್ಲು ಆರಿಸಿ ನೆಲ ಸಮ ಮಾಡಿದ್ದೇನೆ. ಒಂದು ಬಸ್ಸು ಆರಾಮವಾಗಿ ನಿಲ್ಲುತ್ತದೆ. ಸುಮ್ಮನೆ ಹೇಳಿದೆ.

ಈ ಕಾಗದ ಓದಿ, ಸಕ್ಕರೆ ಡಬ್ಬಿಯ ಕೆಳಗೆ ಎದ್ದು ಕಾಣುವ ಹಾಗೆ ಇಡು.

ನಿಮ್ಮಿಬ್ಬರ ಮಗಳು


ಗುರುವಾರ
ಅದೇ ಅಂಗಳ, ಇನ್ನು ಹೆಚ್ಚು ದಿನ ಇಲ್ಲ

ಬಂಗಾರಿ,

ಸಕ್ಕರೆ ಡಬ್ಬಿಯ ಕೆಳಗಿಟ್ಟು ನೀರಿಗೆ ಹೋದೆ. ಕೊಡ ತುಂಬಿದ ಮೇಲೂ ಬೇಕೆಂದೇ ಟೈರ್ ಅಂಗಡಿಯವರ ಹೆಂಡತಿಯ ಜೊತೆ ಹರಟೆ ಹೊಡೆದೆ. ಬಂದು ನೋಡಿದರೆ ನಿಮ್ಮಪ್ಪ ಚಾಲಕನ ಸೀಟಿನಲ್ಲಿ ಕೂತಿದ್ದಾರೆ, ಕೈಯಲ್ಲಿ ನನ್ನ ತರಕಾರಿಯ ಪ್ಲಾಸ್ಟಿಕ್ ಚೀಲ. ಒಂದು ಸುತ್ತು ಹೋಗಿ ಬರೋಣ, ಹತ್ತು ಅಂದರು. ನಾನು ಕೊಡ ಇಳಿಸಿ ಹತ್ತಿದೆ.

ಏರಿನಲ್ಲಿ ದೊಡ್ಡಮ್ಮ ನಿಂತಳು. ನೀನು ಬರೆದ ಹಾಗೇ ಚೀಲ ಹೊದಿಸಿ ಮುಚ್ಚಳ ತಿರುಗಿಸಿದರು. ಚೀಲ ಸರಕ್ಕನೆ ಒಳಕ್ಕೆ ಎಳೆದುಕೊಂಡು ಅವರ ಬೆರಳುಗಳಿಗೆಲ್ಲ ಮೆತ್ತಿಕೊಂಡಿತು. ಅವರು ಅದನ್ನು ಬೆರಳಿನಿಂದ ಬಿಡಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಆವತ್ತು ಮುಚ್ಚಳ ತೆಗೆದಾಗ್ಲೂ ಸದ್ದು ಬಂದಿತ್ತಾ ಅಂತ ಕೇಳಿದರು. ಸುಳ್ಳು ಹೇಳಲು ಮನಸ್ಸಾಯಿತು. ಆದರೆ ಹೂಂ ಅಂದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು, ಜೇಬಿನಿಂದ ನಿನ್ನ ಕಾಗದ ತೆಗೆದು, ನನ್ನ ಎದುರಿಗೇ ರಾಜಾರೋಷವಾಗಿ ಓದಿದರು. ಗದ್ದಲದ ಬಗ್ಗೆ ನೀನು ಬರೆದಿದ್ದೀಯಲ್ಲ, ಅಲ್ಲಿ ಬೆರಳಿಟ್ಟು, ಅಷ್ಟೊಂದು ಗದ್ದಲ ಯಾವ ವರ್ಕ್‌ಶಾಪಲ್ಲೂ ಇರಲ್ಲ ಕಣೇ, ನನಗೋಸ್ಕರ ಬರ್ದಿದಾಳೆ ಅಂದರು. ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ, ಕನ್ನಡಕದ ಗಾಜು ಸವೆಯುವ ಹಾಗೆ ಒರೆಸಿದರು.

ವಾಪಸ್ಸು ಬಂದು ಮಂಚದ ಕೆಳಗೆ ತೂರಿ ಪೈಪು ನೋಡಿದರು. ಕಣಜ ಗೂಡು ಕಟ್ಟಿತ್ತಂತೆ. ಅವರೇ ಹೇಳಿದರು, ಸರಿ ಅಂದೆ. ಹುಳ ಹುಪ್ಪಟೆಗಳಿಗೆ ಯಾವಾಗ ಎಲ್ಲಿ ಮನೆ ಕಟ್ಟುವ ಮನಸ್ಸಾಗುತ್ತದೋ ಯಾರಿಗೆ ಗೊತ್ತು. ಈ ವಿಷಯ ಇನ್ನು ಕೆದಕುವುದು ಬೇಡ. ನಿನ್ನೆ ಅದೇ ಏರನ್ನು ದೊಡ್ಡಮ್ಮ ಹಾಡುತ್ತ ಹತ್ತಿದಳು.

ನಿನ್ನ ಊರಿನ ಮಾತು ಮಾತ್ರ ಇನ್ನೂ ಅವರ ಬಾಯಿಂದ ಬಂದಿಲ್ಲ. ನಾನೂ ಒತ್ತಾಯ ಮಾಡಿಲ್ಲ. ಆಸೆಯಂತೂ ಬೆಟ್ಟದಷ್ಟಿದೆ.

ನಿನ್ನ
ಅಮ್ಮ

ತಾ.ಕ.: ನಟ್ಟು, ನಿಮ್ಮಮ್ಮ ಅಂಚೆ ಚೀಟಿ ತರಲು ಹೋಗಿದ್ದಾಳೆ. ಕಣಜ ಎಂದು ನಾನು ಹೇಳಿದ್ದು ಅವಳ ಸಮಾಧಾನಕ್ಕೆ. ಪೈಪಿನ ಬಾಯಲ್ಲಿ ಸಿಕ್ಕಿದ್ದು ಪ್ಲಾಸ್ಟಿಕ್ ತುಂಡಿನ ಮೇಲೆ ಬಿಗಿಯಾಗಿ ಸುತ್ತಿದ ನನ್ನ ಹಳೆಯ ಬನಿಯನ್ ಬಟ್ಟೆ, ಅಂಚು ಮಡಚಿ ಅಚ್ಚುಕಟ್ಟಾಗಿ ಹೊಲಿದಿದೆ. ಅಂಚು ಹೊಲಿಯುವ ಕಣಜವನ್ನು ನಾನಿನ್ನೂ ನೋಡಿಲ್ಲ. ಅವಳ ದಿಂಬಿಗೆ ವಾಸನೆ ಬಾರದ ಹಾಗೆ ಪೈಪನ್ನು ಹೊರಗೆ ತಿರುಗಿಸಿದ್ದೇನೆ, ನೀನೂ ಏನೂ ಗೊತ್ತಿಲ್ಲದ ಹಾಗೆ ಇರು. ಭಾನುವಾರ ಬರುತ್ತೇವೆ. ಕಿವಿ ಡಾಕ್ಟರ ಹತ್ತಿರ ಒಂದು ದಿನ ಗೊತ್ತು ಮಾಡಿಡು. ನೀನೂ ನನ್ನ ಜೊತೆ ಒಳಗೆ ಬರಬೇಕು. ಅವರು ಹೇಳುವುದು ನನಗೆ ಕೇಳಿಸದಿದ್ದರೆ ನೀನು ಜೋರಾಗಿ ಹೇಳು. ಜನ ಇದ್ದರೂ ಪರವಾಗಿಲ್ಲ.