ಮಹಾನಾಯಕರ ಮೂಗು

ಮಾರ್ಚ್ ೩, ಸೋಮವಾರ
ಇಂದೂ ಮಹಾನಾಯಕರಿಗೆ ಸ್ನಾನ ಮಾಡಿಸಿದೆ. ಏಣಿ, ಬಕೆಟ್, ಬ್ರಷ್. ಚೌಕದಲ್ಲಿ ಹನ್ನೆರಡು ಅಡಿಯ ಕಂಚಿನ ದೇಹ. ಪಾರಿವಾಳಗಳು ನೆತ್ತಿಯ ಮೇಲೆ ಸಲ್ಲಿಸಿದ್ದ ಗೌರವವನ್ನು ವಿಧಿವತ್ತಾಗಿ ತೊಳೆದೆ. ಪಾಲಿಶ್ ಮಾತ್ರ ಮೂಗಿಗಷ್ಟೇ. ದೇಶದ ಮೂಗಿಗೆಲ್ಲ ತುಪ್ಪ ಸವರಿದವರ ಮೂಗಿಗೆ ನನ್ನ ಕಿರುಕಾಣಿಕೆ. ಮೈಯೆಲ್ಲ ಕಪ್ಪು, ಮೂಗು ಟಾರ್ಚಿನ ಹಾಗೆ.

ಮನೆಯಲ್ಲಿ ಅಮ್ಮ ಅಣ್ಣನ ನೀಲಿ ಶರ್ಟ್ ಒಗೆದಿದ್ದಳು. ಯಾರೂ ತೊಡದ ಶರ್ಟು. ಆದರೂ ಪ್ರತಿ ಸೋಮವಾರ ಸೋಪು. ಬಸ್ಸಿನಲ್ಲಿ ಮಹಾನಾಯಕರ ರೇಡಿಯೋ ಭಾಷಣ ಕೇಳಿ ಅಣ್ಣ ಕಿಸಕ್ಕನೆ ನಕ್ಕಿದ್ದ. ಜೈಲು. ಎರಡು ವರ್ಷವಾಯಿತು.

"ಇವತ್ತೇ ಬಿಟ್ರೆ? ಧೂಳು ಹಿಡಿದಿದ್ದು ಹಾಕ್ಕೊಳ್ತಾನಾ?" ಅಂದಳು.

ಮಾರ್ಚ್ ೬
ಸಿಕ್ಕಿಬಿದ್ದೆ. ಇನ್ಸ್‌ಪೆಕ್ಟರ್ ಕೆಳಗಿನಿಂದ ಗುಡುಗಿದ: "ಮೂಗೊಂದೇ ಯಾಕೋ ಹೊಳೀತಿದೆ?"

ನಾಲಿಗೆ ನನ್ನನ್ನು ಕೇಳದೆ ಹೊರಟಿತು: "ಜನ ಭಕ್ತಿಯಿಂದ ಮುಟ್ಟಿ ಮುಟ್ಟಿ, ಸಾರ್."

"ಅಷ್ಟೆತ್ತರಕ್ಕೆ?"

"ಭಕ್ತಿಗೆ ಎತ್ತರ ಯಾವ ಲೆಕ್ಕ, ಸಾರ್?"

ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ! ಅಂಥ ಭಕ್ತಿ ಸುಳ್ಳೆಂದರೆ ಅವನೇ ಒಳಗೆ. ಸೆಲ್ಯೂಟ್ ಹೊಡೆದ — ಮೂಗಿಗೆ. ಏಣಿ ಅಲ್ಲೇ ಇರಲಿ, ಭಕ್ತರಿಗೆ ಅನುಕೂಲ ಎಂದು ಹುಕುಂ.

ಮಾರ್ಚ್ ೧೧
ಐದು ಜನ ಒಟ್ಟಿಗೆ ನಿಂತರೆ ಅಪರಾಧ. ಭಕ್ತಿಯಿಂದ ನಿಂತರೆ? ಇದನ್ನು ಕಂಡುಹಿಡಿದ ವಿಜ್ಞಾನಿ ನನ್ನ ಅಮ್ಮ. ಶರ್ಟು ಹೆಗಲಿಗೆ ಹಾಕಿಕೊಂಡು ಬಂದಳು, ಕ್ಯೂ ಶುರು. ಹಿಂದೆ ಜೈಲಿನಲ್ಲಿರುವವರ ಮನೆಮಂದಿ. ಏಣಿ ಹತ್ತುವುದು, ಮೂಗು ಹಿಂಡುವುದು, ಇಳಿದು ಮತ್ತೆ ಬಾಲಕ್ಕೆ ಸೇರುವುದು.

"ಏನ್ರೀ ಇಷ್ಟು ಜನ?" ಪೇದೆ ಲಾಠಿ ಎತ್ತಿದ.

"ಭಕ್ತಿ ಕಣಪ್ಪಾ," ಅಮ್ಮ ಅಂದಳು. "ನೀನು ಮುಟ್ಟಿದ್ಯಾ? ಇಲ್ವಾ? ನಿನ್ನ ಹೆಸರೇನು?"

ಪಾಪ... ಅವನೂ ಕ್ಯೂನಲ್ಲಿ ನಿಂತ.

ಮಾರ್ಚ್ ೨೩, ಸಂಜೆ
ಬರೆಯಲು ಪುರುಸೊತ್ತಿಲ್ಲ. ಬೇರೆ ಊರುಗಳಲ್ಲೂ ಮೂಗುಗಳು ಹೊಳೆಯುತ್ತಿವೆಯಂತೆ. ಇಂದು ಲೌಡ್‌ಸ್ಪೀಕರ್: "ಮಹಾನಾಯಕರ ಮೇಲಿನ ಭಕ್ತಿಯನ್ನು ನಿಷೇಧಿಸಲಾಗಿದೆ."

ಏಣಿ ಮೇಲಿದ್ದವನ ಕೈ ಮೂಗಿನ ಮೇಲೇ ನಿಂತಿತು. ಆಮೇಲೆ ಯಾರೋ ಕಿಸಕ್ಕೆಂದರು, ಥೇಟ್ ಅಣ್ಣನ ಹಾಗೆ. ಅಷ್ಟೇ. ಊರಿಗೆ ಊರೇ ಹೊಟ್ಟೆ ಹಿಡಿದು ನಕ್ಕಿತು. ಇಷ್ಟು ಜನರನ್ನು ತುಂಬಲು ಜೈಲೆಲ್ಲಿದೆ? ಇನ್ಸ್‌ಪೆಕ್ಟರ್ ಟೋಪಿ ತೆಗೆದು ಮುಖ ಮುಚ್ಚಿಕೊಂಡ, ಹೆಗಲು ಕುಣಿಯುತ್ತಿತ್ತು.

ಕ್ಯೂ ತಿರುಗಿತು. ಜೈಲು ಸರಿಯಾಗಿ ಮೂಗಿನ ನೇರಕ್ಕೇ ಇದೆ. ಮುಂದೆ ಅಮ್ಮ. ಹೊರಟೆ, ಏಣಿ ನನ್ನ ಹೆಗಲ ಮೇಲೆ. ಗೋಡೆಯೂ ಸುಮಾರು ಅಷ್ಟೇ ಎತ್ತರ.

ಮಾರ್ಚ್ ೨೪, ಸೋಮವಾರ
ಏಣಿ ಬೇಕಾಗಲಿಲ್ಲ. ಕಾವಲಿನವರೇ ಗೇಟು ತೆಗೆದರು. ಮಹಾನಾಯಕರು ವಿಮಾನ ಹತ್ತಿದರಂತೆ — ಮೂಗನ್ನು ನಮಗೇ ಬಿಟ್ಟು!

ಅಣ್ಣ ಕಡ್ಡಿಯಾಗಿದ್ದಾನೆ. ನೀಲಿ ಶರ್ಟಿನೊಳಗೆ ಇನ್ನೊಬ್ಬನಿಗೆ ಜಾಗವಿದೆ. ಬೆಳಿಗ್ಗೆ ಎದ್ದವನೇ ಅಮ್ಮನ ಕೈಗೆ ಸಿಕ್ಕಿದ.

"ಬಿಚ್ಚೋ ಶರ್ಟು. ಸೋಮವಾರ ಇವತ್ತು."

"ನಿನ್ನೆ ತಾನೇ ಹಾಕ್ಕೊಂಡೆನಲ್ಲಮ್ಮ!"

ಅಮ್ಮ ಕಾಲರ್ ಮೂಸಿದಳು. ಬೆವರು. ಮತ್ತೆ ಮೂಸಿದಳು. ಈ ವಾರ ಒಗೆಯಲಿಲ್ಲ.

ಚೌಕದಲ್ಲಿ ಹಗ್ಗ ಬಿಗಿಯುತ್ತಿದ್ದಾರೆ, ಪ್ರತಿಮೆ ಕೆಡವಲು. ಅಣ್ಣ ಬಾಗಿಲಲ್ಲಿ ಕುಣಿಯುತ್ತಿದ್ದಾನೆ:

"ಏಯ್, ಬಾರೋ! ಊರೆಲ್ಲ ಮುಟ್ಟಿದ್ದಾರೆ, ನಾನೊಬ್ನೇ ಇನ್ನೂ ಮೂಗು ಹಿಂಡಿಲ್ಲ!"

ಏಣಿ ಎಲ್ಲಿಟ್ಟೆ... ಹಾಂ, ಬಂದೆ, ಬಂ—